ಚೌಡಿಯ ಎರಡು ತೋಳು

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮ ತಾತನ ತಲೆ ತುಂಬ ಕೂದಲಿದ್ದ ಕಾಲದಲ್ಲಿ ಕಂದ, ಒಂದೂರಲ್ಲಿ ಬೈಲಪ್ಪ ಅನ್ನೋ ಮುದುಕ ಇದ್ದನಂತೆ. ಬುರುಡೆ ಬಿಡೋದರಲ್ಲಿ ಏಳೂರಿಗೆ ಅವನೇ ದೊರೆ. ಅವನು ಸೀನಿದರೆ ಕೆರೆ ನೀರು ಕೋಡಿ ಹರೀತಿತ್ತಂತೆ. ಹಾಗಂತ ಅವನೇ ಹೇಳಿದ್ದು, ಇನ್ಯಾರನ್ನ ಕೇಳೋಣ?

ಆ ಊರಿಗೆ ಶಿವಗಂಗಮ್ಮ ಅನ್ನೋ ನರ್ಸಮ್ಮ ಐಸ್ ಡಬ್ಬ ಹೊತ್ಕೊಂಡು ಬಂದು ಮಕ್ಕಳಿಗೆ ದಡಾರದ ಸೂಜಿ ಹಾಕ್ತಿದ್ದಳಂತೆ. ಬೈಲಪ್ಪನ ಪಕ್ಕದ್ಮನೆ ಚೌಡಿ, ನಿನ್ನಷ್ಟೇ ಇದ್ದಳು, ಸೂಜಿ ಹಾಕಿಸ್ಕೊಂಡ ಮೇಲೆ ಅವಳ ತೋಳು ಒಂದು ದಿನ ಕಡಲೆಕಾಳಿನಷ್ಟು ಊದಿತಂತೆ. ಅರಳಿಕಟ್ಟೆ ಮೇಲಿದ್ದ ಬೈಲಪ್ಪ ಸುಮ್ಮನಿರ್ತಾನಾ? ಆ ತೋಳು ಆಚೆ ತರೋಕೆ ಬಾಗಿಲನ್ನೇ ಕಿತ್ತಿಡಬೇಕಾಯ್ತು ಕಣ್ರಲಾ ಅಂದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ.

ಆಮೇಲೆ ಆ ಮಾತು ಪಕ್ಕದ ಮೇಲ್ಹಟ್ಟಿ ಸೇರೋ ಹೊತ್ತಿಗೆ ನಗು ದಾರೀಲಿ ಉದುರಿ ಊತ ಮಾತ್ರ ಉಳೀತಂತೆ. ನಡುಹಟ್ಟಿಯಲ್ಲಿ ಚೌಡಿ ತೋಳೇ ಬಿದ್ದುಹೋಯ್ತಂತೆ. ಕೆಳಹಟ್ಟಿಯಲ್ಲಿ ಚೌಡಿ ಸತ್ತು ತಿಥಿನೂ ಆಗಿಹೋಯ್ತಂತೆ. ತಿಥಿ ವಡೆ ಚೆನ್ನಾಗಿತ್ತು ಅಂದೋರೂ ಇದ್ದರಂತೆ!

ದಡಾರ ಬಂದ ಮನೆಗೆ ಅಮ್ಮ ಬಂದವ್ಳೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ತಾರಲ್ಲ ಕಂದ, ಹೊರಗಿನೋರು ಕಾಲಿಡಬಾರದು ಅಂತ? ಆಮೇಲೆ ನರ್ಸಮ್ಮನ್ನ ತಡೆಯೋಕೆ ಮೂರು ಹಟ್ಟಿಯೋರೂ ಮನೆಮನೆಗೆ ಸುಳ್ಳು ಸೊಪ್ಪು ಕಟ್ಟಿದರಂತೆ. ಕೆಳಹಟ್ಟಿಯಿಂದ ಬಂದಿದ್ದ ಬೈಲಪ್ಪನ ಸೊಸೆನೂ ತವರಿನ ಮಾತು ಕೇಳಿ ಕಟ್ಟಿದಳಂತೆ. ಚೌಡಿ ಇಲ್ಲೇ ಕುಣೀತಿದ್ದಾಳಲ್ಲೇ ಅಂತ ಬೈಲಪ್ಪ ಅಂದರೆ, ಅವಳಿಗೆ ಆಗ್ಲಿಲ್ಲ ಅಂತ ನನ್ನ ಮಗಳು ಗೌರಿಗೂ ಆಗಲ್ಲ ಅಂತ ಏನು ಗ್ಯಾರಂಟಿ ಮಾವ ಅಂದಳಂತೆ. ಶಿವಗಂಗಮ್ಮ ಮೂರು ಸಲ ಬಂದಳು, ಮೂರು ಸಲವೂ ಐಸು ಕರಗಿಸ್ಕೊಂಡು ಕಾಲೆಳೆದುಕೊಂಡು ಹೋದಳಂತೆ.

ಆಮೇಲೆ ನಿಜವಾದ ದಡಾರ ಬಂತಂತೆ. ಎಲ್ಲ ಬಾಗಿಲಲ್ಲೂ ಸೊಪ್ಪಿದ್ದ ಮೇಲೆ ನಿಜದ್ದು ಯಾವುದು, ಸುಳ್ಳು ಯಾವುದು? ಎಲ್ಲರೂ ಎಲ್ಲರ ಮನೆಗೂ ನುಗ್ಗಿ ರೋಗ ಹಂಚ್ಕೊಂಡರಂತೆ. ಬೈಲಪ್ಪನ ಮೊಮ್ಮಗಳು ಪುಟ್ಟಗೌರಿಗೆ ಮೈಯೆಲ್ಲ ಕೆಂಪು, ಕಣ್ಣು ಬಿಡಲಾರದಷ್ಟು ಜ್ವರ. ಮುದುಕ ಎದೆ ಬಡ್ಕೊಂಡು ನರ್ಸಮ್ಮನ ಹತ್ರ ಓಡಿದನಂತೆ.

ಬೇವು ಕಟ್ಟಿದೀರಂತಲ್ಲ ತಾತ, ನಿಜದ್ದಾ, ಕತೆಯದ್ದಾ, ಅಂತ ಅವಳು ಸುಸ್ತಾಗಿ ಕೇಳಿದಳಂತೆ.

ನಿಜದ್ದು ಕಣವ್ವಾ, ಅಂದನಂತೆ.

ಮಗುನ ಆಸ್ಪತ್ರೆಗೆ ಸೇರಿಸಿ ಅವಳಂದಳಂತೆ, ಇವಳನ್ನ ನಾವು ನೋಡ್ಕೋತೀವಿ. ಇನ್ನೂ ರೋಗ ಬರದ ಮಕ್ಕಳಿದಾವಲ್ಲ, ಆ ಹಟ್ಟಿಗಳಿಗೆ ನೀವು ಹೋಗಿ ನಿಜ ಹೇಳಿ. ನನ್ನ ಕಾಲು ಸವೀತು.

ಎಲೆಅಡಿಕೆ ಅಗಿಯೋಷ್ಟರಲ್ಲಿ ಬುರುಡೆ ಮುಟ್ಟಿದ್ದ ಹಟ್ಟಿಗಳಿಗೆ ನಿಜ ಹೊತ್ತು ನಡೆಯೋಕೆ ಮೂರು ದಿನ ಬೇಕಾಯ್ತಂತೆ. ನಾನು ಹೇಳಿದ್ದು ಸುಳ್ಳು ಕಣ್ರಪ್ಪಾ ಅಂದರೆ, ಓಹೋ, ಹೊಸ ಬುರುಡೆ ಅಂತ ಮೇಲ್ಹಟ್ಟಿಯೋರು ನಕ್ಕರಂತೆ. ನರ್ಸಮ್ಮ ಹೇಳಿಕೊಟ್ಟು ಕಳಿಸವ್ಳೆ ಅಂತ ನಡುಹಟ್ಟಿಯೋರು ಬಾಗಿಲು ಹಾಕ್ಕೊಂಡರಂತೆ. ಕೆಳಹಟ್ಟಿಯಲ್ಲಿ ಒಂದು ಮನೆ ಮುಂದೆ ಚಿಕ್ಕ ಚಟ್ಟ ಕಟ್ತಿದ್ದರಂತೆ. ಬೈಲಪ್ಪ ಅಲ್ಲಿಂದಲೇ ಹಿಂದಕ್ಕೆ ತಿರುಗಿದನಂತೆ.

ಮನೆಗೆ ಬಂದವನು ಚೌಡಿನ ಹೆಗಲ ಮೇಲೆ ಕೂರಿಸ್ಕೊಂಡು ಮತ್ತೆ ಹೊರಟನಂತೆ. ಮೇಲ್ಹಟ್ಟಿಯಲ್ಲಿ ಚೌಡಿ ತೋಳು ಚಾಚಿ ತೋರಿಸಿದಳಂತೆ. ನಡುಹಟ್ಟಿಯಲ್ಲಿ ಎರಡೂ ಕೈಲಿ ಚಪ್ಪಾಳೆ ತಟ್ಟಿದಳಂತೆ. ಕೆಳಹಟ್ಟಿಯೋರು ದೆವ್ವ ದೆವ್ವ ಅಂತ ಎದ್ದು ಬಿದ್ದು ಓಡಿದರಂತೆ. ಒಬ್ಬಳು ಮುದುಕಿ ಮಾತ್ರ ನಿಂತು, ಮುದ್ದೆ ತಿಂತೀಯೇನೇ ಅಂದಳಂತೆ. ಚೌಡಿ ಎರಡು ಮುದ್ದೆ ನುಂಗಿ ಇನ್ನೂ ಸಾರು ಕೇಳಿದಳಂತೆ. ಸತ್ತೋರು ಸಾರು ಕೇಳಲ್ಲ ಕಣ್ರೋ ಅಂದ ಮುದುಕಿ ತನ್ನ ಬಾಗಿಲ ಸೊಪ್ಪು ಕಿತ್ತು ಆಡಿಗೆ ಹಾಕಿದಳಂತೆ.

ಆಮೇಲೆ ಒಂದೊಂದೇ ಬಾಗಿಲು ತೆರೀತಂತೆ. ಗೌರಿನೂ ಬಡಕಲಾಗಿ, ಆದ್ರೆ ನಗ್ತಾ ಮನೆಗೆ ಬಂದಳಂತೆ. ಅವತ್ತಿಂದ ನರ್ಸಮ್ಮನ ಐಸ್ ಡಬ್ಬ ಹೊರೋದು ಬೈಲಪ್ಪನೇ. ಡಬ್ಬದೊಳಗೆ ಹಿಮಾಲಯ ಇಟ್ಟಿದೀನಿ ಅಂತಾನಂತೆ, ಬುರುಡೆ ಎಲ್ಲಿ ಬಿಡ್ತಾನೆ! ಕೆಳಹಟ್ಟಿಯಲ್ಲಿ ಚಟ್ಟ ಕಟ್ಟಿದ್ದ ಆ ಒಂದು ಮನೆ ಬಂದಾಗ ಮಾತ್ರ ಚಪ್ಪಲಿ ಕೈಲಿ ಹಿಡ್ಕೊಂಡು ಸದ್ದಿಲ್ಲದೆ ದಾಟ್ತಾನಂತೆ.

ಕತೆ ಮುಗೀತು ಕಂದ. ನಡೆದು ನಡೆದು ದಣಿದೋರೆಲ್ಲ ಮಲಗಿದರು, ನೀನೂ ಮಲಗು.