ತೇಲುವ ಸಾಮಾನು ತಂದ ಜಟ್ಟು

ಕೇಳಿ ಮಾರಾಯ್ರೆ, ಹೊಳೆ ಸಮುದ್ರ ಸೇರುವ ಅಳಿವೆ ಬಾಯಲ್ಲಿ ಮಾಸ್ತಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ ಜಟ್ಟು. ಆಳು ಕಟ್ಟುಮಸ್ತು, ತಲೆ ಮಾತ್ರ ಖಾಲಿ ಡಬ್ಬ. ಗಂಡನನ್ನು ಸಮುದ್ರ ನುಂಗಿ, ದೋಣಿಯೊಂದೇ ದಡಕ್ಕೆ ಬಂದಿತ್ತು. ಈಗ ಮಗ ಅದೇ ದೋಣಿಯಲ್ಲಿ ಒಬ್ಬನೇ ಬಲೆ ಬಿಡ್ತೇನೆ ಅಂತ ಹಟ ಹಿಡಿದ. ಅವತ್ತಿಂದ ಅವಳು ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು.

"ಮಗಾ, ದೋಣಿ ಮಗುಚಿದ್ರೆ ನಿನ್ನ ಜೀವ ನೀನೇ ಉಳಿಸ್ಕೋಬೇಕು. ಪೇಟೆಗೆ ಹೋಗು. ತೇಲುತ್ತೋ ಇಲ್ವೋ ನೋಡಿ ಸಾಮಾನು ತಗೊಂಡು ಬಾ."

ಹೋದ. ಅಂಗಡಿಯವನ ಕೊಡಪಾನದಲ್ಲಿ ಒಂದೊಂದೇ ಅದ್ದಿ ನೋಡಿದ. ಬದನೆಕಾಯಿ ಚೆನ್ನಾಗಿ ತೇಲಿತು. ಚೀಲದ ತುಂಬ ಬದನೆಕಾಯಿ ಹೊತ್ತು ತಂದ.

"ಅಯ್ಯೋ ಪೆದ್ದೇ, ಬದನೆಕಾಯಿ ನಿನ್ನನ್ನ ಹೊರುತ್ತಾ? ಲೈಫ್ ಜಾಕೆಟ್ ತರಬೇಕು. ಮೈಗೆ ಬಿಗಿಯಾಗಿ ಕೂರಬೇಕು, ಯಾರು ಎಳೆದ್ರೂ ಕಳಚಬಾರದು."

ತಂದ, ತೊಟ್ಟ. ಉಂಡದ್ದೂ ಅದರಲ್ಲೇ, ಮಲಗಿದ್ದೂ ಅದರಲ್ಲೇ. ಸ್ನಾನಕ್ಕೆ ಕರೆದರೆ, "ಕಳಚಬಾರದು ಅಂದಿದ್ಯಲ್ಲ ಅವ್ವಿ" ಅಂದ.

"ನಿನ್ನ ತಲೆಗಿಷ್ಟು! ದೋಣಿ ಹತ್ತುವಾಗ ತೊಟ್ಟರೆ ಸಾಕು. ತಗೋ, ಈ ಸೀಟಿ ಕೊರಳಿಗೆ ಹಾಕ್ಕೋ. ಜೀವಕ್ಕೆ ಅಪಾಯ ಬಂತು ಅಂದ್ಕೂಡ್ಲೆ ಊದು, ಜನ ಓಡಿ ಬರ್ತಾರೆ."

ಸಂಜೆ ಅವನು ಸಾರಿನ ಗಡಿಗೆ ಉರುಳಿಸಿದ. ಅವ್ವಿ ಹೊಡೆಯೋಕೆ ಕಸ ಗುಡಿಸುವ ಹಿಡಿಸೂಡಿ ಎತ್ತಿದಳು. ಜಟ್ಟು ಕೆನ್ನೆ ಉಬ್ಬಿಸಿ ಸೀಟಿ ಊದಿದ. ಇಡೀ ಕೇರಿಯೇ ಹುಟ್ಟು, ಹಗ್ಗ ಹಿಡಿದು ಅಂಗಳಕ್ಕೆ ಬಂತು. ಮಾಸ್ತಮ್ಮನಿಗೆ ತಲೆ ಎತ್ತದಷ್ಟು ನಾಚಿಕೆ ಆಯ್ತು.

"ಸೀಟಿ ಮನೇಲಿ ಊದೋದಲ್ಲ, ನೀರಲ್ಲಿ. ಇನ್ನೊಂದು ಮಾತು ಕೇಳು. ನಿಮ್ಮಪ್ಪನ ಕೈಯಿಂದ ದೋಣಿ ತಪ್ಪಿತು, ಅದಕ್ಕೇ ಹೋದ. ಬೇರೆಲ್ಲ ಬಿಡು, ಕೈ ತಪ್ಪಿ ಹೋಗದ ಹಾಗೆ ದೋಣಿಗೆ ಗಟ್ಟಿ ಹಗ್ಗ ಕಟ್ಟು. ತಿರುಗಿ ಮನೆಗೆ ಬರೋವರೆಗೂ ಅದನ್ನ ಬಿಚ್ಚಬೇಡ. ನನ್ನಾಣೆ."

ಬೆಳಿಗ್ಗೆ ಹೋದ. ಹೊತ್ತು ನೆತ್ತಿಗೆ ಬಂತು, ಇಳೀತು. ಜಟ್ಟು ಬರಲಿಲ್ಲ. ಮಾಸ್ತಮ್ಮ ಒಲೆ ಮೇಲಿನ ಅನ್ನ ಅಲ್ಲೇ ಬಿಟ್ಟು ದೋಣಿ ನಿಲ್ಲಿಸುವ ಧಕ್ಕೆಗೆ ಓಡಿದಳು. ಹಣೆಗೆ ಕೈ ಇಟ್ಟು ದೂರಕ್ಕೆ ನೋಡಿದಳು. ಬರೀ ನೀರು. ಎದೆ ಒಡೆದು ಕೂಗಿದಳು, "ಜಟ್ಟೂ..."

"ಓ ಅವ್ವಿ" ಅಂತ ಕಾಲ ಬುಡದಲ್ಲೇ ಕೇಳಿತು.

ಬಗ್ಗಿ ನೋಡ್ತಾಳೆ, ಧಕ್ಕೆಯ ಕಂಬಕ್ಕೆ ಹೊಸ ಹಗ್ಗದಲ್ಲಿ ಕಟ್ಟಿದ ದೋಣಿ. ಅದರಲ್ಲಿ ಜಟ್ಟು, ಜಾಕೆಟ್ ತೊಟ್ಟು, ಬೆವರು ಸುರಿಸಿಕೊಂಡು ಹುಟ್ಟು ಹಾಕ್ತಾ ಇದ್ದಾನೆ. ಅಂಗೈ ತುಂಬ ಬೊಬ್ಬೆ.

"ಬೆಳಿಗ್ಗೆಯಿಂದ ಹುಟ್ಟು ಹಾಕಿ ನಡುಸಮುದ್ರಕ್ಕೆ ಬಂದಿದ್ದೇನೆ, ನೀನು ಹ್ಯಾಗೆ ಇಷ್ಟು ದೂರ ಬಂದೆ ಅವ್ವಿ? ಈಜಿ ಬಂದ್ಯಾ?"

ಮಾಸ್ತಮ್ಮ ಕಣ್ಣೊರೆಸಿಕೊಂಡಳು. ಕಂಬದ ಹತ್ತಿರ ಕೂತು, ಅವನು ಹಾಕಿದ ಗಂಟಿನ ಮೇಲೆ ತಾನೂ ಒಂದು ಗಂಟು ಬಿಗಿದಳು.

"ಹಾಕು ಮಗಾ, ಹುಟ್ಟು ಹಾಕು" ಅಂದಳು.