ಬೆಟ್ಟ ಹತ್ತುವ ಹೊಳೆ

ಅಂತರಿಕ್ಷಯಾನದ ಕಂಪ್ಯೂಟರ್ ಆಟವೊಂದರಲ್ಲಿ ಹಸುರಿ ಎಂಬ ಗ್ರಹವಿತ್ತು. ಆಟಗಾರ್ತಿ ಚಂಪಾವತಿ ಅದನ್ನು ತಾನೇ ರೂಪಿಸಿ, ಯಾರು ಬೇಕಾದರೂ ಬಂದಿಳಿಯಲಿ ಎಂದು ಆಟಕ್ಕೆ ಸೇರಿಸಿದ್ದಳು. ಒಂದು ದಿನ ಪಕ್ಕದಲ್ಲೇ ಕೆಂಪು ಗ್ರಹವೊಂದು ಹುಟ್ಟಿಕೊಂಡಿತು. ಬಣ್ಣ ಬಿಟ್ಟರೆ ಅದೇ ಬೆಟ್ಟ, ಅದೇ ಕಡಲು. ಹಸುರಿಗೆ ಮೈಯೆಲ್ಲ ಉರಿಯಿತು.

"ನಿನ್ನನ್ನು ಮಾಡಿದವರು ಯಾರೋ?"

"ನನ್ನ ಒಡೆಯ. ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ."

"ಹಾಗಾದರೆ ನಿನ್ನ ಹೊಳೆ ಬೆಟ್ಟದ ಮೇಲಕ್ಕೇಕೆ ಹರಿಯುತ್ತಿದೆ?"

"ಅದೇ ಅವನ ಪ್ರತಿಭೆ!"

"ಪ್ರತಿಭೆಯಂತೆ! ನನ್ನನ್ನು ಮಾಡುವಾಗ ಚಂಪಾವತಿ ಮಾಡಿದ ತಪ್ಪು ಕಣೋ ಅದು. ಆಮೇಲೆ ಅವಳೇ ತಿದ್ದಿದಳು. ನಿನ್ನ ಒಡೆಯನೂ ತಿದ್ದಲಿ, ನೋಡೋಣ!"

ಕೆಂಪು ಗ್ರಹ ಒಡೆಯನನ್ನು ಕೂಗಿತು. ಅವನು ಬಂದು ಹೊಳೆಯನ್ನು ದಿಟ್ಟಿಸಿದ. ತಿದ್ದುವ ಬಗೆ ತಿಳಿಯದೆ, ಗ್ರಹಕ್ಕೆ ನೀಲಿ ಬಣ್ಣ ಬಳಿದು ಹೊರಟುಹೋದ.