ತಸ್ಲೀಮಜ್ಜನವರು ಅಂಬಲಿ ಕುಡಿದದ್ದು

ಡೋಣಿ ಹೊಳೆಯ ದಂಡೆಯ ಕರಿಕೋಟೆಯಲ್ಲಿ, ಕಂಬಳಿಗೇರಿಯ ಸಣ್ಣ ಮಸೀದಿಗೆ ಒತ್ತಿಕೊಂಡು ಒಂದು ಮಣ್ಣಿನ ಕೋಣೆಯಿದೆ. ಅದರ ಪಕ್ಕದ ಚಪ್ಪರದಲ್ಲಿ ಒಂದು ಚಾಪೆ, ಒಂದು ಹೂಜಿ, ಒಂದು ಕರಿಕಂಬಳಿ ಇಟ್ಟುಕೊಂಡು ಪೂಜ್ಯ ಹಜರತ್ ತಸ್ಲೀಮ್ ಶಾ ಅವರು ತಮ್ಮ ಪುಣ್ಯಜೀವನವನ್ನು ಕಳೆದರು. ಊರವರಿಗೆಲ್ಲ ಅವರು ತಸ್ಲೀಮಜ್ಜನವರು. ಅವರ ಪವಾಡಗಳನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ತುಂಬಿದ ಹೊಳೆಯ ಮೇಲೆ ನಡೆದು ಬಂದರಂತೆ, ಹೆಡೆಯೆತ್ತಿದ ಹಾವನ್ನು ಮಾತಾಡಿಸಿ ಕಳಿಸಿದರಂತೆ. ಇದ್ದೀತು. ನನಗಂತೂ ಅವರು ಒಂದು ಬಟ್ಟಲು ಅಂಬಲಿ ಕುಡಿದ ಸಂಗತಿಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಆ ಕೋಣೆಗೆ ಒಂದೇ ಬಾಗಿಲು, ಅದೂ ಓಣಿಯ ಕಡೆಗೆ. ಕಿಟಕಿ ಇಲ್ಲ. ಒಳಗೆ ಕಾಳು ತುಂಬಿಡುವ, ಸೊಂಟದೆತ್ತರದ ಒಂದು ಮಣ್ಣಿನ ಗುಡಾಣ. ಗುರುವಾರ ಮಧ್ಯಾಹ್ನ ಇಳಿದ ಮೇಲೆ ಊರವರು ಆ ಬಾಗಿಲ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಕಂಬಳಿಯ ಒಳಗೋ ಸೆರಗಿನ ಮರೆಯಲ್ಲೋ ಒಂದು ಚೀಲ. ಒಬ್ಬೊಬ್ಬರೇ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕು. ಇದ್ದವರು ಗುಡಾಣಕ್ಕೆ ಜೋಳ ಸುರಿದು ಬರುತ್ತಿದ್ದರು, ಇಲ್ಲದವರು ತುಂಬಿಕೊಂಡು ಬರುತ್ತಿದ್ದರು. ಹೊರಗೆ ನಿಂತವರಿಗೆ ಕೊಟ್ಟವರು ಯಾರು, ಒಯ್ದವರು ಯಾರು ಎಂಬುದು ತಿಳಿಯುತ್ತಿರಲಿಲ್ಲ. ಮಸೀದಿಯ ದಾನವೆಂದರೆ ಅಲ್ಲಿ ಇದೇ. ನಮಾಜಿನವರು, ಲಿಂಗ ಕಟ್ಟಿದವರು, ಹೊಳೆಯಾಚೆಯ ಕುರುಬರು, ಎಲ್ಲರೂ ಅದೇ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಜ್ಜನವರೂ ತಮ್ಮ ಚೀಲ ಹಿಡಿದು ಕೊನೆಯಲ್ಲಿ ನಿಲ್ಲುತ್ತಿದ್ದರು.

ಒಂದು ವರ್ಷ ಮಸೀದಿಯ ಆಡಳಿತ ಜಮಾದಾರ ಫತ್ತೇಖಾನರ ಕೈಗೆ ಬಂತು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಊರಿಗೆ ಮರಳಿದವರು. ಟೋಪಿ ಬಿಟ್ಟಿದ್ದರೂ ಅನುಮಾನವನ್ನು ಬಿಟ್ಟಿರಲಿಲ್ಲ ಪಾಪ. ತಮ್ಮ ಮನೆಯ ಜೋಳವನ್ನು ಅವರು ಆಳಿನ ತಲೆಯ ಮೇಲೆ ಹೊರಿಸಿ, ಓಣಿಯ ತುಂಬ ಕಾಣುವ ಹಾಗೆ ತರಿಸುತ್ತಿದ್ದರು. ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ನಿಂತು, ಮನೆಗಳಲ್ಲಿ ಹಳೆಯ ಕಾಳು ತೀರುತ್ತಿದ್ದ ದಿನಗಳು ಅವು. ಗುಡಾಣ ಬೇಗ ಬೇಗ ತಳ ಕಾಣತೊಡಗಿತು. ಜಮಾದಾರರಿಗೆ ಅದು ಕಳ್ಳತನವಾಗಿ ಕಂಡಿತು. ಯಾರನ್ನೂ ಕೇಳದೆ ಗಾರೆಯವನನ್ನು ಕರೆಸಿ, ಗುಡಾಣದ ನೇರಕ್ಕೆ ಗೋಡೆಯಲ್ಲಿ ಒಂದು ಕಿಂಡಿ ತೆಗೆಸಿದರು. ಮುಂದಿನ ಗುರುವಾರ ಒಳಗೆ ಬಿಸಿಲು ಬಿದ್ದಿತ್ತು.

ಅಂದು ಗುಡಾಣದ ಜೋಳ ಇಳಿಯಲಿಲ್ಲ. ಅದರ ಮರುವಾರ ಬಾಯಿ ಮಟ್ಟ ತುಂಬಿತು. ಜಮಾದಾರರ ಸಂಭ್ರಮ ಹೇಳತೀರದು. ಅಜ್ಜನವರನ್ನು ಕೈಹಿಡಿದು ಕರೆತಂದು ತೋರಿಸಿದರು.

"ನೋಡ್ರಿ ಹಜರತ್, ಒಂದು ಕಿಂಡಿಗೆ ಕಳ್ಳರೆಲ್ಲಾ ಓಡಿಹೋದ್ರು!"

ಅಜ್ಜನವರು ತುಂಬಿದ ಗುಡಾಣವನ್ನು ನೋಡಿದರು. ಅವರ ಮುಖ ಬಿಳುಪೇರಿತು.

"ಖಾನಸಾಬ, ಊರಾಗ ಯಾರೋ ಉಪವಾಸ ಅದಾರ."

"ಯಾರಂತ ಹೇಳ್ರಿ, ಈಗಿಂದೀಗ ಅವ್ರ ಮನೀಗೆ ಚೀಲ ಕಳಿಸ್ತೀನಿ."

"ಅದು ಯಾರಿಗೂ ಗೊತ್ತಾಗಬಾರದಂತನ ಕಿಂಡಿ ಇದ್ದಿಲ್ಲ. ಮುಚ್ಚಿಬಿಡ್ರಿ."

"ಇನ್ನೊಂದು ಗುರುವಾರ ನೋಡೂನ್ರಿ," ಎಂದರು ಜಮಾದಾರರು.

ಅಜ್ಜನವರು ಯಾರಿಗೂ ಆಜ್ಞೆ ಮಾಡಿದವರಲ್ಲ. ಅಂದೂ ಮಾಡಲಿಲ್ಲ. ಮರುದಿನದಿಂದ ಹಗಲು ಉಪವಾಸ ಹಿಡಿದರು. ರಂಜಾನ್ ಇನ್ನೂ ದೂರವಿತ್ತು. ಕೇಳಿದ ಭಕ್ತರಿಗೆ, "ಗುಡಾಣ ತುಂಬೇತಿ," ಎಂದಷ್ಟೇ ಹೇಳುತ್ತಿದ್ದರು. ಊಟದ ಹೊತ್ತಿಗೆ ಓಣಿ ಓಣಿ ತಿರುಗುತ್ತ, ಯಾವ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿಲ್ಲ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಆದರೆ ಮಾನವಂತರು ಹಿಟ್ಟು ನಾದುವ ಕೊಣಮಿಗೆ ಖಾಲಿಯಿದ್ದರೂ ಅದನ್ನೇ ಬಡಿಯಬಲ್ಲರು. ಎಲ್ಲ ಮನೆಗಳಿಂದಲೂ ಸದ್ದು ಬರುತ್ತಿತ್ತು. ಯಾವ ಬಾಗಿಲನ್ನು ತಟ್ಟುವುದು? ತಟ್ಟಿ ಏನೆಂದು ಕೇಳುವುದು? ಕೇಳಿದರೆ ಆ ಮನೆಯ ಮಾನ ಹೋಗುತ್ತದೆ, ಕೇಳದಿದ್ದರೆ ಜೀವವೇ ಹೋಗಬಹುದು. ಸಂಜೆ ಮರಳಿ ಬಂದು ಚಾಪೆಯ ಮೇಲೆ ಕುಳಿತವರು ಹೂಜಿಗೆ ಕೈ ಹಾಕುವ ಮೊದಲೇ ಮತ್ತೆ ಎದ್ದು ಓಣಿಗೆ ಹೋದದ್ದನ್ನು ಕಂಡವರಿದ್ದಾರೆ. ಹಾವಿಗೆ ಹೆದರದ ಮಹಾತ್ಮರು ಒಂದು ತುಂಬಿದ ಗುಡಾಣಕ್ಕೆ ಹಾಗೆ ಹೆದರಿದ್ದರು.

ಹೀಗಿರುವಾಗ ಜಮಾದಾರರ ಮಗಳು ಜುಲೇಖಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮುಂಜಾನೆ ನೋವು ಶುರುವಾಯಿತು. ಸೂಲಗಿತ್ತಿ ನಿಂಬೆವ್ವನಿಗೆ ಹೇಳಿಕಳಿಸಿದರು. ಆ ಕೇರಿಯ ಅರ್ಧ ಮಂದಿ ಭೂಮಿಗೆ ಬಂದದ್ದು ಆಕೆಯ ಕೈಯಲ್ಲಿ. ಜುಲೇಖಾಳೂ ಅಷ್ಟೇ. ನಿಂಬೆವ್ವ ಎಂದು ಬರೆದಿದ್ದೇನೆ. ಅದು ಆಕೆಯ ನಿಜವಾದ ಹೆಸರಲ್ಲ. ನಿಜವಾದದ್ದನ್ನು ಯಾರು ಕೇಳಿದರೂ ನಾನು ಹೇಳುವವನಲ್ಲ.

ನಿಂಬೆವ್ವ ಬಂದಳು. ಒಳಗೆ ಹೋದ ಸ್ವಲ್ಪ ಹೊತ್ತಿಗೇ ಗೋಡೆ ಹಿಡಿದುಕೊಂಡು ಹೊರಗೆ ಬಂದು ಪಡಸಾಲೆಯಲ್ಲಿ ಕುಸಿದಳು. ತುಟಿ ಬಿಳಿಚಿಕೊಂಡಿತ್ತು, ಹಣೆಯ ತುಂಬ ಬೆವರು. ಒಳಗೆ ಮಗಳು ಚೀರುತ್ತಿದ್ದಳು. ಜಮಾದಾರರ ಹೆಂಡತಿ ಓಡಿ ಬಂದು, "ಕೂಸು ಅಡ್ಡ ಬಿದ್ದೈತಂತ, ತಿರುಗಿಸಬೇಕಂತ! ಈಕೀ ನೋಡಿದ್ರ ಹಿಂಗ!" ಎಂದು ಅತ್ತರು. ಇನ್ನೊಬ್ಬ ಸೂಲಗಿತ್ತಿಯಿದ್ದದ್ದು ಹೊಳೆಯಾಚೆ. ಬಂಡಿ ಕಟ್ಟಿ ಕಳಿಸಿದರು. ಅದು ಹೋಗಿ ಬರುವ ತನಕ ಮಗಳು ಉಳಿಯುವಳೋ ಇಲ್ಲವೋ. ಜಮಾದಾರರು ಬರಿಗಾಲಲ್ಲೇ ಮಸೀದಿಗೆ ಓಡಿದರು.

"ಹಜರತ್, ದುವಾ ಮಾಡ್ರಿ! ನನ್ನ ಮಗಳು..."

ಅಜ್ಜನವರು ಕಂಬಳಿ ಹೊದ್ದುಕೊಂಡು ಅವರ ಹಿಂದೆಯೇ ನಡೆದರು. ಪಡಸಾಲೆಯಲ್ಲಿ ಅವರನ್ನು ಕಂಡು ನಿಂಬೆವ್ವ ಗಡಬಡಿಸಿ ಸೆರಗು ಸರಿ ಮಾಡಿಕೊಂಡಳು.

"ಏನಿಲ್ರಿ ಅಜ್ಜಾರ, ಸ್ವಲ್ಪ ಕಣ್ಣು ಕತ್ತಲ ಬಂತು. ಮುಂಜಾನಿ ಹೊಟ್ಟಿ ತುಂಬ ಉಂಡೇ ಬಂದೀನ್ರಿ."

ಉಂಡೆಯಾ ಎಂದು ಆಕೆಯನ್ನು ಯಾರೂ ಕೇಳಿರಲಿಲ್ಲ.

ಅಜ್ಜನವರು ಆಕೆಯ ಎದುರಿಗೆ ನೆಲದ ಮೇಲೆಯೇ ಕುಳಿತುಬಿಟ್ಟರು.

"ನಾ ಉಂಡಿಲ್ಲವ್ವ. ಭಾಳ ಹಸಿವಾಗೇತಿ. ಒಬ್ಬನ ಉಣ್ಣೂ ರೂಢಿ ನನಗಿಲ್ಲ, ನೀ ಜೋಡಿ ಕೂಡಬೇಕು. ಖಾನಸಾಬ, ಎರಡು ಬಟ್ಟಲು ಅಂಬಲಿ ತರ್ರಿ."

ಜಮಾದಾರರಿಗೆ ದಿಕ್ಕೇ ತೋಚಲಿಲ್ಲ. ಒಳಗೆ ಮಗಳು ಸಾಯುತ್ತಿದ್ದಾಳೆ, ಇವರಿಗೆ ಅಂಬಲಿಯ ಚಿಂತೆ. "ಹಜರತ್, ನಿಮ್ಮದು ಇವತ್ತು ರೋಜಾ..." ಎಂದು ಬಾಯಿ ತೆರೆದರು. ಅಜ್ಜನವರು ತಲೆಯೆತ್ತಿ ಅವರನ್ನು ಒಮ್ಮೆ ನೋಡಿದರು. ಜಮಾದಾರರು ತಾವೇ ಅಡಿಗೆಮನೆಗೆ ಹೋದರು.

ಅಂಬಲಿ ಬಂತು. ಹಗಲು ಹನಿ ನೀರನ್ನೂ ಮುಟ್ಟದಿದ್ದ ಆ ಪುಣ್ಯಪುರುಷರು "ಬಿಸ್ಮಿಲ್ಲಾ" ಎಂದು ಮೊದಲ ಗುಟುಕನ್ನು ತಾವೇ ಕುಡಿದರು. ಆಮೇಲೆ ನಿಂಬೆವ್ವ ಬಟ್ಟಲೆತ್ತಿದಳು. ಮೊದಲು ನಿಧಾನವಾಗಿ, ಆಮೇಲೆ ಎರಡೂ ಕೈಯಿಂದ ಹಿಡಿದು ಕುಡಿದಳು. ಅಜ್ಜನವರು, "ನನಗ ಇನ್ನೊಂದಿಷ್ಟು ಬೇಕು," ಎಂದರು. ಆಕೆಗೂ ಇನ್ನೊಂದಿಷ್ಟು ಬಂತು. ಬೆಲ್ಲದ ತುಣುಕು ಬಂತು. ಒಳಗಿನಿಂದ ಚೀರುವಿಕೆ ಬರುತ್ತಲೇ ಇತ್ತು. ಬಟ್ಟಲು ಕೆಳಗಿಟ್ಟು ನಿಂಬೆವ್ವ ಸೆರಗಿನಿಂದ ಬಾಯಿ ಒರಸಿಕೊಂಡಳು, ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡಳು. ಗೋಡೆ ಹಿಡಿಯದೆ ಎದ್ದು ಒಳಗೆ ಹೋದಳು.

ಜಮಾದಾರರು ಖಾಲಿ ಬಟ್ಟಲುಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಹಜರತ್, ಹಂಗಂದ್ರ ಆಕೀನ..."

"ನನಗ ಹಸಿವಾಗಿತ್ತು, ಅಂಬಲಿ ಕುಡಿದೆ," ಎಂದರು ಅಜ್ಜನವರು. "ನನಗ ಗೊತ್ತಿರೂದು ಅಷ್ಟ."

ಆಗ ಜಮಾದಾರರು ಅತ್ತರು. ಕಳ್ಳರನ್ನು ಹಿಡಿಯಲೆಂದು ಗೋಡೆ ಕೊರೆಸಿದವರು, ಆ ಕಿಂಡಿಯ ಬೆಳಕಿಗೆ ಹೆದರಿ ಉಪವಾಸ ಬಿದ್ದ ಕೈಗಳಲ್ಲೇ ತಮ್ಮ ಮಗಳ ಜೀವ ಇರುವುದನ್ನು ಕಂಡು ಮಗುವಿನಂತೆ ಅತ್ತರು. ಅಜ್ಜನವರು ಅವರ ಬೆನ್ನ ಮೇಲೆ ಕೈಯಿಟ್ಟು ಕುಳಿತರು. ಬಂಡಿ ಹೊಳೆ ದಾಟಿ ಮರಳುವ ಮೊದಲೇ ಒಳಗೆ ಕೂಸು ಅತ್ತಿತು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಉಳಿದರು.

ನಿಂಬೆವ್ವನಿಗೆ ಆ ಮನೆಯಿಂದ ಸೀರೆ, ಜೋಳ ಎಲ್ಲ ಸಂದಿತು. ಹೆರಿಗೆ ಮಾಡಿಸಿದವಳಿಗೆ ಸಲ್ಲಬೇಕಾದ ಮರ್ಯಾದೆ ಅದು, ಹೊತ್ತುಕೊಂಡು ತಲೆಯೆತ್ತಿ ನಡೆದಳು. ಆದರೆ ಆ ಜೋಳ ಎಷ್ಟು ದಿನ ಬಂದೀತು?

ಮುಂದಿನ ಗುರುವಾರ ಬಾಗಿಲ ಮುಂದಿನ ಸಾಲು ಚಿಕ್ಕದಾಗಿತ್ತು. ಆಳಿಲ್ಲದೆ, ಕಂಬಳಿ ಹೊದ್ದು, ಮರೆಯಲ್ಲಿ ಚೀಲ ಹಿಡಿದು ಜಮಾದಾರ ಫತ್ತೇಖಾನರು ಬಂದು ನಿಂತರು. ಸರದಿ ಬಂದಾಗ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು, ತುಸು ತಡವಾಗಿ ಹೊರಬಂದರು. ಜೋಳ ಸುರಿದರೋ ತುಂಬಿಕೊಂಡರೋ, ಅದನ್ನು ಅವರು ಸಾಯುವ ತನಕ ಯಾರಿಗೂ ಹೇಳಲಿಲ್ಲ. ಸಾಲಿನ ಹಿಂದಿನಿಂದ ನಿಂಬೆವ್ವ ಕೇಳಿದಳು:

"ಕೈಯೆಲ್ಲಾ ಕೆಸರು ಮಾಡ್ಕೊಂಡೀರಿ, ಏನ್ರಿ ಜಮಾದಾರಪ್ಪ?"

"ಗೋಡಿ ಕೆಲಸ ಇತ್ತವ್ವ, ನಾನ ಮಾಡಿದೆ."

"ಒಳಗ ಮತ್ತ ಹೊಳ್ಳಿ ಕತ್ತಲ ಆತೇನ್ರಿ?"

"ಭಾಳ ಕತ್ತಲ ಐತಿ. ನೋಡ್ಕೊಂಡು ಹೋಗವ್ವ."

ನಿಂಬೆವ್ವ ಸೆರಗು ಎಳೆದುಕೊಂಡು ಒಳಗೆ ಹೋದಳು. ಜಮಾದಾರರು ಆ ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ, ಓಣಿಯ ಕಡೆ ಮುಖ ಮಾಡಿ, ಹಿಂದಿನ ಕಾಲದ ಪಹರೆಯವರ ಹಾಗೆ ನೆಟ್ಟಗೆ ನಿಂತರು. ಉಳಿದ ಆಯುಷ್ಯದುದ್ದಕ್ಕೂ ಪ್ರತಿ ಗುರುವಾರ ಅವರು ಅಲ್ಲಿ ಹಾಗೇ ನಿಂತರು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.